ನಾಲ್ಕು ವರ್ಷದ ಹೆಣ್ಣು ಕುದುರೆಯ ಮಾರಾಟ: ಜಾಹೀರಾತಿನಲ್ಲಿ ಏನು ಬರೆಯಬೇಕು, ಯಾರಿಗೆ ಕೊಡಬೇಕು?

ಮಲಪ್ರಭಾ ತೀರ, ಖಾನಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಲಾಯದಲ್ಲಿರುವ ನಾಲ್ಕು ವರ್ಷದ ಥರೋಬ್ರೆಡ್ ಹೆಣ್ಣು ಕುದುರೆಯನ್ನು ಮಾರುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ರೇಸಿಗೆಂದೇ ಹುಟ್ಟಿಸಿದ ಕುದುರೆಯಾದರೂ ಇದು ಒಮ್ಮೆಯೂ ರೇಸಿನಲ್ಲಿ ಓಡಿಲ್ಲ. ಮೈ ತುಂಬಾ ನಿಧಾನವಾಗಿ ಬೆಳೆಯುತ್ತಿದೆ ಎಂಬ ಕಾರಣಕ್ಕೆ ಸ್ಟಡ್ ಫಾರ್ಮಿನವರು ಮರಿಯಿರುವಾಗಲೇ ಬಿಟ್ಟುಕೊಟ್ಟಿದ್ದರು. ಪಾಸ್‌ಪೋರ್ಟ್, ಮೈಕ್ರೋಚಿಪ್ ದಾಖಲೆ, ಲಸಿಕೆಯ ಚೀಟಿಗಳು ನಮ್ಮಲ್ಲಿವೆ. ಎತ್ತರ 15.3 ಹ್ಯಾಂಡ್, ಎಂದರೆ ಸುಮಾರು 160 ಸೆಂಟಿಮೀಟರ್. ಬಣ್ಣ ಕಂದು, ಹಣೆಯಲ್ಲಿ ಚಿಕ್ಕ ಬಿಳಿ ಚುಕ್ಕೆ.

ಉದ್ದ ಹಗ್ಗದಲ್ಲಿ ಎರಡೂ ಕಡೆಗೆ ಸುತ್ತುತ್ತದೆ. ಜೀನು ಹಾಕಿ ಸವಾರಿ ಮಾಡಿದಾಗ ನಡಿಗೆ, ಟ್ರಾಟ್ (ಹಗುರ ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ನೆಗೆಯುವ ಓಟ) ಮೂರನ್ನೂ ಮಾಡುತ್ತದೆ, ಆದರೆ ಬಲಗಡೆಯ ಕ್ಯಾಂಟರ್ ಇನ್ನೂ ಹದಕ್ಕೆ ಬಂದಿಲ್ಲ. ನೆಲದ ಮೇಲಿಟ್ಟ ಕೋಲುಗಳನ್ನು ದಾಟುತ್ತದೆ, ಸವಾರನೊಂದಿಗೆ 60 ಸೆಂಟಿಮೀಟರ್ ಎತ್ತರದ ಅಡ್ಡಗೋಲನ್ನು ಜಿಗಿಯುತ್ತದೆ. ಸವಾರನಿಲ್ಲದೆ ಕಟಕಟೆಯೊಳಗೆ ಬಿಟ್ಟಾಗ 1 ಮೀಟರ್ 10 ಸೆಂಟಿಮೀಟರ್ ಎತ್ತರವನ್ನು ನಿರಾಯಾಸವಾಗಿ ದಾಟಿದೆ. ಇದನ್ನು ಪಳಗಿಸುತ್ತಿದ್ದ ನನ್ನ ತಮ್ಮ ಈಗ ಉದ್ಯೋಗಕ್ಕೆಂದು ಹೊರಗೆ ಹೋಗಿದ್ದಾನೆ, ನನಗೆ ಅಷ್ಟು ಸವಾರಿ ಬರುವುದಿಲ್ಲ, ಇಂಥ ಕುದುರೆಯನ್ನು ಮುಂದಕ್ಕೆ ತಯಾರಿಸಬಲ್ಲ ತರಬೇತುದಾರರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಜಾಹೀರಾತಿಗೆಂದು ಬರೆದಿಟ್ಟ ಒಕ್ಕಣೆ ಹೀಗಿದೆ:

"ಅದ್ಭುತ ಜಿಗಿತದ ಸಾಮರ್ಥ್ಯವುಳ್ಳ, ರಾಷ್ಟ್ರಮಟ್ಟಕ್ಕೆ ಏರಬಲ್ಲ, ಮಕ್ಕಳೂ ಸವಾರಿ ಮಾಡಬಹುದಾದ ಸಾಧು ಸ್ವಭಾವದ ಥರೋಬ್ರೆಡ್ ಕುದುರೆ ಮಾರಾಟಕ್ಕಿದೆ. ಬೆಲೆ ನಾಲ್ಕೂವರೆ ಲಕ್ಷ ರೂಪಾಯಿ."

ಇದರಲ್ಲಿ ಸೇರಿಸಬೇಕಾದದ್ದು, ತೆಗೆಯಬೇಕಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹಳೆಯ ರಿಸಾಲೆ, ಬೆಳಗಾವಿ

ಮಾನ್ಯರೇ, ನೀವು ನಮಗೆ ಕೊಟ್ಟ ವಿವರಣೆ ಚೆನ್ನಾಗಿದೆ, ಜಾಹೀರಾತು ಚೆನ್ನಾಗಿಲ್ಲ. ವಿವರಣೆಯಲ್ಲಿ ಬಲಗಡೆಯ ಕ್ಯಾಂಟರ್ ಹದವಾಗಿಲ್ಲ ಎಂದು ತಾವಾಗಿಯೇ ಹೇಳಿದ್ದೀರಿ, ಅದನ್ನು ಓದಿದ ಕೂಡಲೇ ಈ ಮಾಲೀಕರು ಕುದುರೆಯನ್ನು ನಿಜವಾಗಿ ನೋಡಿದ್ದಾರೆ ಎಂಬ ನಂಬಿಕೆ ನನಗೆ ಬಂತು. ಜಾಹೀರಾತಿನಲ್ಲಾದರೋ ಒಂದೇ ಉಸಿರಿನಲ್ಲಿ ಮೂರು ಭರವಸೆಗಳನ್ನು ಕೊಟ್ಟಿದ್ದೀರಿ, ಮೂರಕ್ಕೂ ಆಧಾರವಿಲ್ಲ.

ಮೊದಲನೆಯದಾಗಿ, ರಾಷ್ಟ್ರಮಟ್ಟ. ಸವಾರನನ್ನು ಹೊತ್ತು 60 ಸೆಂಟಿಮೀಟರ್ ದಾಟಿರುವ ಕುದುರೆಯ ಬಗ್ಗೆ ರಾಷ್ಟ್ರಮಟ್ಟದ ಮಾತಾಡುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಎರಡನೆಯದಾಗಿ, ಸವಾರನಿಲ್ಲದ ಜಿಗಿತದಿಂದ ತಿಳಿಯುವುದು ಸ್ವಲ್ಪ ಮಾತ್ರ, ಆದರೆ ಆ ಸ್ವಲ್ಪವನ್ನು ಸರಿಯಾಗಿ ಓದಬಲ್ಲವರಿಗೆ ಅದು ಬಹಳ ಮುಖ್ಯ. ಬಲ್ಲವರು ಎತ್ತರದ ಕಡೆಗೆ ಅಷ್ಟಾಗಿ ಗಮನ ಕೊಡುವುದಿಲ್ಲ. ಕೋಲಿನತ್ತ ಬರುವಾಗ ಲಯ ಕೆಡುತ್ತದೆಯೇ, ತಾನಾಗಿಯೇ ಹೆಜ್ಜೆಯನ್ನು ಹೊಂದಿಸಿಕೊಳ್ಳುತ್ತದೆಯೇ, ಮುಂಗಾಲುಗಳೆರಡೂ ಸಮನಾಗಿ ಮಡಚಿ ಮೊಣಕಾಲು ಮೇಲಕ್ಕೆ ಬರುತ್ತದೆಯೇ, ಕತ್ತು ಮುಂದಕ್ಕೆ ಚಾಚಿ ಬೆನ್ನು ಕಮಾನಾಗುತ್ತದೆಯೇ, ಹಿಂಗಾಲು ಬಿಚ್ಚಿಕೊಳ್ಳುತ್ತದೆಯೇ ಎಂಬುದನ್ನು ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಕೋಲು ತಗುಲಿಸಿದ ಮೇಲೆ ಮರುಸಲ ಎಚ್ಚರಿಕೆಯಿಂದ ಜಿಗಿಯುತ್ತದೆಯೇ ಎಂಬುದನ್ನು ಗಮನಿಸುತ್ತಾರೆ. 90 ಸೆಂಟಿಮೀಟರಿನಲ್ಲಿ ಇವೆಲ್ಲವೂ ಕಾಣುತ್ತವೆ. ಅದಕ್ಕಿಂತ ಮೇಲೆ ಏರಿಸುತ್ತ ಹೋದರೆ ಎಳೆಯ ಕುದುರೆಯ ಮುಂಗಾಲುಗಳಿಗೆ ಪೆಟ್ಟು, ನಿಮಗೆ ಒಂದು ವಿಡಿಯೋ, ಅಷ್ಟೇ.

ಮೂರನೆಯದಾಗಿ, ಮಕ್ಕಳೂ ಸವಾರಿ ಮಾಡಬಹುದು ಎಂಬ ಮಾತನ್ನು ಇಂದೇ ತೆಗೆದುಹಾಕಿ. ಲಾಯದಲ್ಲಿ ತಲೆ ತಗ್ಗಿಸಿ ಮೈ ಉಜ್ಜಿಸಿಕೊಳ್ಳುವ ಥರೋಬ್ರೆಡ್ ಬಯಲಿನಲ್ಲಿ ಇನ್ನೊಂದು ಕುದುರೆ ಓಡುವುದನ್ನು ಕಂಡಾಗ ಹೇಗಿರುತ್ತದೆ ಎಂಬುದು ನಿಮಗೂ ಗೊತ್ತಿರುತ್ತದೆ.

ಹಾಗೆಂದು ತಳಿಯ ಬಗ್ಗೆ ಕೀಳರಿಮೆ ಬೇಡ. ಸವಾರಿ ಸ್ಪರ್ಧೆಗೆಂದೇ ಬೆಳೆಸಿದ ಯುರೋಪಿನ ವಾರ್ಮ್‌ಬ್ಲಡ್ ತಳಿಯ ಕುದುರೆಗಳು ಬರುವುದಕ್ಕೆ ಮುಂಚೆ ನಮ್ಮ ದೇಶದಲ್ಲಿ ಜಿಗಿತದ ಕುದುರೆಯೆಂದರೆ ಬಹುಪಾಲು ಥರೋಬ್ರೆಡ್ಡೇ ಆಗಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಅವರು ಈವೆಂಟಿಂಗ್‌ನಲ್ಲಿ (ಡ್ರೆಸಾಜ್ ಎಂಬ ಶಿಸ್ತಿನ ಸವಾರಿ, ಬಯಲು ಓಟ, ಜಿಗಿತ ಮೂರೂ ಸೇರಿದ ಸ್ಪರ್ಧೆ) ಚಿನ್ನ ಗೆದ್ದರು. ಆ ಸ್ಪರ್ಧೆಯ ವೈಯಕ್ತಿಕ ವಿಭಾಗದಲ್ಲಿ ಮತ್ತೆ ಪದಕ ಬಂದದ್ದು 2018ರಲ್ಲಿ, ಬೆಂಗಳೂರಿನ ಫವಾದ್ ಮಿರ್ಜಾ ಅವರು ಯುರೋಪಿನ ಕುದುರೆಯ ಮೇಲೆ ಬೆಳ್ಳಿ ಗೆದ್ದಾಗ. ಈಗ ಮೇಲಿನ ಹಂತದ ಸವಾರರು ವಿದೇಶಿ ಕುದುರೆಗಳನ್ನೇ ಹುಡುಕುತ್ತಾರೆಂಬುದು ನಿಜ. ನಿಮ್ಮ ಕುದುರೆಯನ್ನು ಕೊಳ್ಳುವವರು ಅವರಲ್ಲ. ಕೆಳಗಿನ ಮತ್ತು ನಡುವಿನ ಹಂತಗಳಲ್ಲಿ ಸ್ಪರ್ಧಿಸುವ, ಎಳೆಯ ಕುದುರೆಯನ್ನು ತಾನೇ ರೂಪಿಸುವ ತಾಳ್ಮೆಯುಳ್ಳ, ತರಬೇತಿ ಶಾಲೆಯೊಂದರ ಆಸರೆಯಿರುವ ಸವಾರ ನಿಮಗೆ ಬೇಕು. ಅಂಥವರು ಪುಣೆ ಮತ್ತು ಬೆಂಗಳೂರಿನಲ್ಲಿ ಇದ್ದಾರೆ.

ಗೋಳಗುಮ್ಮಟ, ವಿಜಯಪುರ

ರಿಸಾಲೆ ಸಾಹೇಬರ ಮಾತನ್ನು ಗೌರವದಿಂದ ಓದಿದೆ. ಆದರೆ ಒಂದು ಭಿನ್ನಾಭಿಪ್ರಾಯವಿದೆ. ನಮ್ಮ ಮನೆತನ ಟಾಂಗಾ ನಡೆಸಿಕೊಂಡು ಬಂದದ್ದು, ಕುದುರೆಯ ವ್ಯಾಪಾರವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎಳೆಯ ಕುದುರೆಯನ್ನು ಕೊಳ್ಳುವವನು ಅದು ಇಂದು ಮಾಡುವ ಕೆಲಸಕ್ಕೆ ಹಣ ಕೊಡುವುದಿಲ್ಲ, ನಾಳೆ ಏನಾದೀತು ಎಂಬ ಆಸೆಗೇ ಕೊಡುತ್ತಾನೆ. ಆ ಆಸೆಯ ಮಾತನ್ನೇ ಆಡಬಾರದು ಎಂದರೆ ಮಾರುವವನು ಯಾವುದರ ಮೇಲೆ ಬೆಲೆ ಕೇಳಬೇಕು?

ಇನ್ನೊಂದು ಸಂಗತಿಯನ್ನು ನೀವು ಯಾರೂ ಎತ್ತಲಿಲ್ಲ. ನಮ್ಮ ಭಾಗದಲ್ಲಿ ಕುದುರೆ ನೋಡಲು ಬರುವವರು ಮೊದಲು ನೋಡುವುದು ಸುಳಿಯನ್ನು. ಹಣೆಯಲ್ಲಿ ಎಷ್ಟು ಸುಳಿ, ಎದೆಯಲ್ಲಿ ಎಲ್ಲಿದೆ, ಕತ್ತಿನ ಯಾವ ಕಡೆಗಿದೆ ಎಂದು ಬೆರಳಿಟ್ಟು ನೋಡಿ, ಆಮೇಲೆ ಕಾಲು ನೋಡುತ್ತಾರೆ. ನಾಲ್ಕೂ ಕಾಲು ಮತ್ತು ಮುಖ ಬಿಳಿಯಾಗಿರುವ ಪಂಚಕಲ್ಯಾಣಿಯಾದರೆ ಬೆಲೆ ತಾನಾಗಿ ಏರುತ್ತದೆ. ಸುಳಿಯಿಂದ ಜಿಗಿತ ಹೆಚ್ಚುವುದಿಲ್ಲ ಎಂಬುದು ನನಗೂ ಗೊತ್ತು, ಆದರೂ ಎಲ್ಲ ಸುಳಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಅವು ಪಾಸ್‌ಪೋರ್ಟಿನ ಗುರುತಿನ ಚಿತ್ರದಲ್ಲಿಯೂ ದಾಖಲಾಗಿರುತ್ತವೆ, ಹಾಗಾಗಿ ನಂಬುವವರಿಗೂ ನಂಬದವರಿಗೂ ಉಪಯೋಗಕ್ಕೆ ಬರುತ್ತವೆ.

ದಲಾಲರ ಬಗ್ಗೆ ಎಚ್ಚರ. ಜಾನುವಾರು ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುವ ಪದ್ಧತಿಯಲ್ಲಿ ಮಾಲೀಕನಿಗೂ ಕೊಳ್ಳುವವನಿಗೂ ನಡುವೆ ಎಷ್ಟು ಹಣ ನಿಂತಿತು ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಥರೋಬ್ರೆಡ್ ಎಂದ ಕೂಡಲೇ ಗಾಡಿ ಶರ್ಯತ್ತಿನವರು, ಎಂದರೆ ಕುದುರೆಗಾಡಿ ಓಟದ ಪಂದ್ಯ ಕಟ್ಟುವವರು, ಬರುತ್ತಾರೆ. ಅವರಿಗೆ ಬೇಕಾದದ್ದು ವೇಗ ಮಾತ್ರ. ಡಾಂಬರು ರಸ್ತೆಯ ಮೇಲೆ ಲಾಳ ಬಡಿದು ಓಡಿದ ಕಾಲು ಮತ್ತೆ ಜಿಗಿತಕ್ಕೆ ಬರುವುದಿಲ್ಲ. ಮದುವೆ ಮೆರವಣಿಗೆಯವರೂ ಕೇಳುತ್ತಾರೆ. ಬ್ಯಾಂಡು, ಪಟಾಕಿ, ಜನರೇಟರಿನ ದೀಪಗಳ ನಡುವೆ ಈ ತಳಿಯ ಎಳೆಯ ಕುದುರೆಯನ್ನು ನಿಲ್ಲಿಸುವುದು ಅದಕ್ಕೂ ವರನಿಗೂ ಅಪಾಯ.

ಪಶುವೈದ್ಯೆ, ಬಾಗಲಕೋಟೆ

ಮಾರಾಟಕ್ಕೆ ಮುಂಚೆ ಆರೋಗ್ಯದ ವಿಷಯದಲ್ಲಿ ಮಾಡಿಕೊಳ್ಳಬೇಕಾದ ತಯಾರಿಯ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ವಯಸ್ಸನ್ನು ಪಾಸ್‌ಪೋರ್ಟ್ ಹೇಳುತ್ತದೆ, ಆದರೂ ಕೊಳ್ಳುವವರ ವೈದ್ಯರು ಬಾಯಿ ತೆರೆದು ನೋಡಿಯೇ ನೋಡುತ್ತಾರೆ. ಮುಂದಿನ ನಡುಹಲ್ಲುಗಳು ಎರಡೂವರೆ ವರ್ಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ ಬದಲಾಗುತ್ತವೆ. ನಿಮ್ಮ ಕುದುರೆಗೆ ಮೂಲೆಯ ಹಾಲುಹಲ್ಲುಗಳು ಇನ್ನೂ ಇರಬೇಕು, ಒಳಗಿನ ದವಡೆಹಲ್ಲುಗಳೂ ಇದೇ ಕಾಲದಲ್ಲಿ ಬದಲಾಗುತ್ತಿರುತ್ತವೆ. ಬಲಗಡೆಗೆ ತಿರುಗುವಾಗ ಕುದುರೆ ತಲೆ ಕೊಸರುತ್ತಿದ್ದರೆ ಅದನ್ನು ತರಬೇತಿಯ ಕೊರತೆಯೆಂದು ಬಗೆಯುವ ಮೊದಲು ಬಾಯಿಯನ್ನು ಪರೀಕ್ಷಿಸಿ. ಕಡಿವಾಣ ತಗಲುವ ಜಾಗದಲ್ಲಿ ತೋಳಹಲ್ಲು ಎಂದು ಕರೆಯುವ ಚಿಕ್ಕ ಹಲ್ಲಿದ್ದರೆ ನೋವಾಗುತ್ತದೆ, ಅದನ್ನು ತೆಗೆಸಬಹುದು.

ಎಲುಬಿನ ಬೆಳವಣಿಗೆ ಇನ್ನೂ ನಡೆದಿದೆ. ಮುಂಗಾಲಿನ ಮೊಣಕಾಲಿನ ಮೇಲ್ಭಾಗದ ಬೆಳವಣಿಗೆಯ ಪಟ್ಟಿ (ಎಲುಬು ಉದ್ದವಾಗುವ ಮೆದು ಭಾಗ) ಸುಮಾರು ಎರಡೂವರೆ ವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಬೆನ್ನೆಲುಬಿನ ಮಣಿಗಳು ಪೂರ್ತಿ ಗಟ್ಟಿಯಾಗಲು ಐದು ದಾಟಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ ಎಳೆಯ ಜಿಗಿತದ ಕುದುರೆಗಳ ವಿಶ್ವ ಚಾಂಪಿಯನ್‌ಷಿಪ್ಪಿನ ತರಗತಿಗಳು ಐದು, ಆರು, ಏಳು ವರ್ಷದವಕ್ಕೆ ಇವೆಯೇ ಹೊರತು ನಾಲ್ಕಕ್ಕೆ ಇಲ್ಲ. ಆದ್ದರಿಂದ ನಿಮ್ಮ ಕುದುರೆ ಹಿಂದೆ ಬಿದ್ದಿದೆ ಎಂದು ಯಾರಾದರೂ ಬೆಲೆ ಇಳಿಸಲು ನೋಡಿದರೆ ಅದನ್ನು ಒಪ್ಪಬೇಡಿ. ಈ ವಯಸ್ಸಿಗೆ ಇಷ್ಟೇ ಕೆಲಸ ಆಗಿರುವುದು ಒಳ್ಳೆಯ ಲಕ್ಷಣ.

ಆಹಾರದ ವಿಷಯವನ್ನು ನೀವು ಬರೆದಿಲ್ಲ. ನಮ್ಮ ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯಲ್ಲಿ ಕಬ್ಬಿನ ಎಲೆಯನ್ನೂ ನೇಪಿಯರ್ ಹುಲ್ಲನ್ನೂ ಧಾರಾಳವಾಗಿ ಹಾಕಿ, ಮೇಲೆ ಗೋಧಿ ತವುಡು ಕೊಡುವ ರೂಢಿಯಿದೆ. ಈ ಹಸಿ ಮೇವಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ, ತವುಡಿನಲ್ಲಿ ರಂಜಕ ಹೆಚ್ಚು. ಎರಡೂ ಸೇರಿದಾಗ ಕುದುರೆಯ ದೇಹ ತನ್ನ ಎಲುಬಿನಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ, ಮುಖದ ಎಲುಬು ಊದಿಕೊಳ್ಳುವ ಮೊದಲೇ ಕಾಲು ಬದಲಿಸಿ ಬದಲಿಸಿ ಕುಂಟುವುದು ಶುರುವಾಗುತ್ತದೆ. ಒಣಹುಲ್ಲಿನ ಜೊತೆಗೆ ಕುದುರೆ ಮಸಾಲೆ (ಲ್ಯೂಸರ್ನ್) ಸೊಪ್ಪು ಕೊಡುತ್ತಿದ್ದರೆ ಸುಣ್ಣದ ಕೊರತೆ ತುಂಬುತ್ತದೆ. ಏನನ್ನು ತಿನ್ನಿಸುತ್ತಿದ್ದೀರಿ ಎಂಬುದನ್ನು ಕೊಳ್ಳುವವರಿಗೆ ಬರೆದುಕೊಡಿ, ಏಕೆಂದರೆ ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಖಂಡಿತ ಎಂದೇ ಎಣಿಸಬೇಕು.

ಕೊಳ್ಳುವವರು ತಮ್ಮದೇ ವೈದ್ಯರನ್ನು ಕರೆತರಲಿ. ಅವರು ಹೃದಯ, ಕಣ್ಣು, ಶ್ವಾಸ ನೋಡುತ್ತಾರೆ. ಗಟ್ಟಿ ನೆಲದ ಮೇಲೆ ನೇರವಾಗಿ ಓಡಿಸಿ ತಲೆ ಕುಣಿಯುತ್ತದೆಯೇ ಎಂದು ನೋಡುತ್ತಾರೆ. ಒಂದೊಂದೇ ಕಾಲನ್ನು ಮಡಿಸಿ ಹಿಡಿದು, ಬಿಟ್ಟ ಕೂಡಲೇ ಓಡಿಸಿ ಕೀಲಿನ ನೋವನ್ನು ಹುಡುಕುತ್ತಾರೆ. ಜಿಗಿತಕ್ಕೆಂದು ಕೊಳ್ಳುವವರು ಗೊರಸಿನೊಳಗಿನ ನ್ಯಾವಿಕ್ಯುಲರ್ ಎಲುಬು, ಹಿಂಗಾಲಿನ ನಡುವಿನ ಹಾಕ್ ಮತ್ತು ಅದರ ಮೇಲಿನ ಸ್ಟೈಫಲ್ ಕೀಲುಗಳ ಎಕ್ಸ್‌ರೇ ಕೇಳುವುದು ಸಹಜ. ಎಕ್ಸ್‌ರೇಯನ್ನು ನೀವೇ ಮೊದಲು ಮಾಡಿಸಿ ಇಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮನೆಗೇ ತರಬಹುದಾದ ಯಂತ್ರಗಳು ಬಂದಿವೆ.

ಮಲಪ್ರಭಾ ತೀರ, ಖಾನಾಪುರ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಅವರೇ, ನಾವು ಭತ್ತದ ಹುಲ್ಲು, ಸ್ವಲ್ಪ ಕುದುರೆ ಮಸಾಲೆ, ನೆನೆಸಿದ ಕಡಲೆ, ಬಾರ್ಲಿ ಕೊಡುತ್ತೇವೆ; ತವುಡು ವಾರಕ್ಕೊಮ್ಮೆ ಮಾತ್ರ. ಬಾಯಿಯ ಪರೀಕ್ಷೆಯನ್ನು ಈ ತಿಂಗಳಲ್ಲೇ ಮಾಡಿಸುತ್ತೇನೆ. ಗೋಳಗುಮ್ಮಟದವರು ಹೇಳಿದಂತೆ ಶರ್ಯತ್ತಿನವರು ಈಗಾಗಲೇ ಇಬ್ಬರು ಬಂದು ಹೋದರು.

ನನ್ನ ಪ್ರಶ್ನೆ ಇನ್ನೊಂದಿದೆ. ಹೋದ ವರ್ಷ ಮಳೆಗಾಲದಲ್ಲಿ ಎಡ ಹಿಂಗಾಲಿನ ಗೊರಸಿನಲ್ಲಿ ಕೀವು ತುಂಬಿ ಕೆಲವು ದಿನ ಕುಂಟಿತ್ತು; ಕೀವು ತೆಗೆಸಿದ ಮೇಲೆ ಪೂರ್ತಿ ಗುಣವಾಯಿತು, ಆಮೇಲೆ ಎಂದೂ ಕುಂಟಿಲ್ಲ. ಇದನ್ನು ಹೇಳಬೇಕೇ? ಕೇಳಿದರೆ ಹೇಳುವುದು ಬೇರೆ. ಕೇಳದಿದ್ದರೆ?

ವಕೀಲರ ಓಣಿ, ಗೋಕಾಕ

ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಕುದುರೆಯ ಮೂಲಕವೇ ಉತ್ತರವಿದೆ ಎಂದರೆ ಆಶ್ಚರ್ಯವಾಗಬಹುದು. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣ ವಂಚನೆ ಎಂದರೇನು ಎಂಬುದನ್ನು ವಿವರಿಸುತ್ತದೆ, ಅದರ ಕೆಳಗಿನ ದೃಷ್ಟಾಂತಗಳಲ್ಲಿ ಬರುವುದು ದೋಷವುಳ್ಳ ಒಂದು ಕುದುರೆ. ಒಬ್ಬನು ತನ್ನ ಕುದುರೆಗೆ ದೋಷವಿದೆ ಎಂದು ತಿಳಿದೂ ಹರಾಜಿನಲ್ಲಿ ಅದನ್ನು ಮಾರುತ್ತಾನೆ, ದೋಷದ ಬಗ್ಗೆ ಏನೂ ಹೇಳುವುದಿಲ್ಲ, ಇದು ವಂಚನೆಯಲ್ಲ. ಕೊಳ್ಳುವವಳು ಅವನ ಸ್ವಂತ ಮಗಳು, ಈಗತಾನೇ ಪ್ರಾಪ್ತ ವಯಸ್ಸಿಗೆ ಬಂದವಳು ಎಂದಾದರೆ, ಆ ಸಂಬಂಧದ ಕಾರಣದಿಂದಲೇ ಹೇಳುವ ಹೊಣೆ ಅವನ ಮೇಲೆ ಬರುತ್ತದೆ. ಇನ್ನು ಕೊಳ್ಳುವವನು "ನೀವು ಅಲ್ಲಗಳೆಯದಿದ್ದರೆ ಕುದುರೆ ನಿರ್ದೋಷಿ ಎಂದೇ ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೂ ಮಾತಿಗೆ ಸಮ.

ಈ ಮೂರನೆಯ ದೃಷ್ಟಾಂತವೇ ನಿಮಗೆ ಅನ್ವಯಿಸುವ ಸಂಭವ ಹೆಚ್ಚು, ಏಕೆಂದರೆ ಇಂದಿನ ಕೊಳ್ಳುವವರು ವಾಟ್ಸಾಪಿನಲ್ಲಿ ನಿಖರವಾಗಿ ಅಂಥದೇ ವಾಕ್ಯವನ್ನು ಬರೆದು ಕಳುಹಿಸುತ್ತಾರೆ. ಜೊತೆಗೆ 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣವನ್ನೂ ನೆನಪಿಡಿ. ಸರಕಿನ ಗುಣವನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಕೊಳ್ಳುವವನ ಹೊಣೆಯೇ ಸರಿ, ಆದರೆ ಅಂಥ ಸರಕನ್ನು ಮಾರುವುದೇ ವೃತ್ತಿಯಾಗಿರುವವನಿಗೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅವನ ತಿಳಿವಳಿಕೆಯ ಮೇಲೆ ಭರವಸೆಯಿಟ್ಟು ಕೊಂಡಿದ್ದರೆ, ಆ ಉದ್ದೇಶಕ್ಕೆ ಸರಕು ತಕ್ಕುದಾಗಿರಬೇಕೆಂಬ ಷರತ್ತು ತಾನಾಗಿಯೇ ಸೇರಿಕೊಳ್ಳುತ್ತದೆ. ನೀವು ಕುದುರೆ ವ್ಯಾಪಾರಿಯಲ್ಲ, ರೈತರು. ಆದರೂ "ಮಕ್ಕಳೂ ಸವಾರಿ ಮಾಡಬಹುದು" ಎಂದು ನೀವಾಗಿಯೇ ಬರೆದುಕೊಟ್ಟರೆ ಅದು ನಿಮ್ಮ ಮಾತಾಗಿ ನಿಲ್ಲುತ್ತದೆ. ರಿಸಾಲೆಯವರು ಸವಾರಿಯ ದೃಷ್ಟಿಯಿಂದ ತೆಗೆಯಿರಿ ಎಂದರು, ನಾನು ಕಾನೂನಿನ ದೃಷ್ಟಿಯಿಂದಲೂ ಅದನ್ನೇ ಹೇಳುತ್ತೇನೆ.

ಗೊರಸಿನ ಕೀವಿನ ಸಂಗತಿಯನ್ನು ಚಿಕಿತ್ಸೆಯ ಚೀಟಿಯೊಂದಿಗೆ ಬರವಣಿಗೆಯಲ್ಲೇ ಕೊಟ್ಟುಬಿಡಿ. ಆಮೇಲೆ ಅದೇ ಕಾಲು ಕುಂಟಿದರೂ ಮುಚ್ಚಿಟ್ಟಿದ್ದರು ಎಂದು ಯಾರೂ ಹೇಳಲಾರರು.

ಮೊದಲ ಕುದುರೆ, ಜಮಖಂಡಿ

ನಾನು ಈ ಚರ್ಚೆಯನ್ನು ಕೊಳ್ಳುವವನಾಗಿ ಓದುತ್ತಿದ್ದೇನೆ. ನನ್ನ ಮಗಳಿಗೆ ಹದಿನಾಲ್ಕು ವರ್ಷ, ಪುಣೆಯಲ್ಲಿ ಓದುತ್ತ ಅಲ್ಲಿಯೇ ಸವಾರಿ ಕಲಿಯುತ್ತಿದ್ದಾಳೆ, ಶಾಲೆಯ ಹಿರಿಯ ಕುದುರೆಗಳ ಮೇಲೆ 80 ಸೆಂಟಿಮೀಟರ್ ಜಿಗಿಯುತ್ತಾಳೆ. ನಾಲ್ಕು ವರ್ಷದ ಕುದುರೆಯನ್ನು ಕೊಟ್ಟರೆ ಇಬ್ಬರೂ ಒಟ್ಟಿಗೆ ಬೆಳೆಯುತ್ತಾರೆ ಎಂಬುದು ನನ್ನ ಆಸೆ. ಸಿದ್ಧವಾದ ವಾರ್ಮ್‌ಬ್ಲಡ್ ಕುದುರೆಯ ಬೆಲೆ ನಮ್ಮ ಕೈಗೆ ನಿಲುಕುವುದಲ್ಲ. ಖಾನಾಪುರದವರ ಕುದುರೆಯನ್ನು ಬಂದು ನೋಡಬಹುದೇ?

ಹಳೆಯ ರಿಸಾಲೆ, ಬೆಳಗಾವಿ

ಜಮಖಂಡಿಯವರಿಗೆ, ನಿಮ್ಮ ಆಸೆ ಅರ್ಥವಾಗುತ್ತದೆ, ಆದರೂ ಈ ಜೋಡಿಯನ್ನು ನಾನು ಒಪ್ಪಲಾರೆ. ಹಿರಿಯ ಕುದುರೆ ಸವಾರನ ತಪ್ಪನ್ನು ಸರಿದೂಗಿಸಿಕೊಂಡು ಜಿಗಿಯುತ್ತದೆ; ಜಿಗಿಯುವ ಜಾಗಕ್ಕೆ ಸವಾರ ಬೇಗ ತಂದರೂ ತಡವಾಗಿ ತಂದರೂ ಅದಕ್ಕೆ ದಾರಿ ಗೊತ್ತು. ಎಳೆಯ ಕುದುರೆಗೆ ಗೊತ್ತಿಲ್ಲ. ಅಡ್ಡಗೋಲಿನ ಮೇಲೆ ಒಮ್ಮೆ ಬಾಯಿಗೆ ಲಗಾಮು ಜಗ್ಗಿದರೆ, ಬೆನ್ನ ಮೇಲೆ ಒಮ್ಮೆ ಧೊಪ್ಪನೆ ಕುಳಿತರೆ, ಜಿಗಿತವೆಂದರೆ ನೋವು ಎಂದು ಅದು ಕಲಿಯುತ್ತದೆ, ಆಮೇಲೆ ಕೋಲಿನ ಮುಂದೆ ನಿಂತುಬಿಡುತ್ತದೆ. ಹಾಗೆ ನಿಲ್ಲುವುದನ್ನು ಬಿಡಿಸುವುದು ಮೊದಲಿನಿಂದ ಕಲಿಸುವುದಕ್ಕಿಂತ ಕಷ್ಟ. ನಿಮ್ಮ ಮಗಳಿಗೆ ಹತ್ತು-ಹನ್ನೆರಡು ವರ್ಷದ, ಸ್ಪರ್ಧೆಗಳನ್ನು ಕಂಡ, ಎತ್ತರದ ಹಂತದಿಂದ ಕೆಳಗಿಳಿದ ಕುದುರೆ ಸರಿ. ಅವಳ ತರಬೇತುದಾರರೇ ಈ ಕುದುರೆಯನ್ನು ಮೊದಲ ವರ್ಷ ಸವಾರಿ ಮಾಡುವುದಾಗಿ ಒಪ್ಪಿಕೊಂಡರೆ ಮಾತ್ರ ಬಂದು ನೋಡಿ, ಅವರನ್ನು ಕರೆದುಕೊಂಡೇ ಬನ್ನಿ.

ಗೋಳಗುಮ್ಮಟದವರ ಪ್ರಶ್ನೆಗೆ ಉತ್ತರಿಸದೆ ಬಿಟ್ಟಿದ್ದೆ. ಆಸೆಗೇ ಹಣ ಕೊಡುತ್ತಾರೆ ಎಂಬುದು ನಿಜ. ಆ ಆಸೆ ಕೊಳ್ಳುವವನ ತಲೆಯಲ್ಲಿ ತಾನಾಗಿ ಹುಟ್ಟಬೇಕು, ಹುಟ್ಟುವುದಕ್ಕೆ ಬೇಕಾದ ಸಾಕ್ಷ್ಯವನ್ನು ಮಾರುವವನು ಒದಗಿಸಬೇಕು. ವಿಡಿಯೋ ಹೇಗಿರಬೇಕೆಂದರೆ: ಬಯಲಿನಿಂದ ಹಿಡಿದು ತರುವುದು, ಮೈ ಉಜ್ಜುವುದು, ನಾಲ್ಕೂ ಗೊರಸು ಎತ್ತಿಸಿಕೊಳ್ಳುವುದು, ಜೀನು ಬಿಗಿಯುವುದು, ರಿಕಾಬಿಗೆ ಕಾಲಿಟ್ಟು ಹತ್ತುವಾಗ ನಿಂತುಕೊಳ್ಳುವುದು ಇವೆಲ್ಲ ನಡುವೆ ಎಲ್ಲಿಯೂ ಕತ್ತರಿಸದೆ, ಸಂಗೀತ ಹಾಕದೆ ಕಾಣಬೇಕು. ಆಮೇಲೆ ಎರಡೂ ಕಡೆಯ ನಡಿಗೆ, ಟ್ರಾಟ್, ಕ್ಯಾಂಟರ್. ಹದವಾಗದ ಬಲಗಡೆಯನ್ನೂ ತೋರಿಸಿ. ಟ್ರಾಟಿನ ಕೋಲುಗಳನ್ನು ಸುಮಾರು 1.3 ಮೀಟರ್ ಅಂತರದಲ್ಲಿಟ್ಟು, ಕೊನೆಯ ಕೋಲಿನಿಂದ ಎರಡೂವರೆ ಮೀಟರ್ ಮುಂದೆ ಅಡ್ಡಗೋಲನ್ನಿಟ್ಟರೆ ಕುದುರೆ ಸರಿಯಾದ ಜಾಗದಿಂದ ಏಳುತ್ತದೆ. ಸವಾರನಿಲ್ಲದ ಜಿಗಿತವನ್ನು ನಿಜವಾದ ವೇಗದಲ್ಲೇ ತೋರಿಸಿ. ನಿಧಾನಗತಿಯಲ್ಲಿ ಎಲ್ಲ ಕುದುರೆಯೂ ಚೆನ್ನಾಗಿಯೇ ಕಾಣುತ್ತದೆ, ಲಯ ಮಾತ್ರ ಕಾಣುವುದಿಲ್ಲ. ನಿಂತ ಭಂಗಿಯ ಫೋಟೋ ಸಮತಟ್ಟಾದ ಗಟ್ಟಿ ನೆಲದ ಮೇಲೆ, ಪಕ್ಕದಿಂದ, ಕ್ಯಾಮೆರಾ ಕುದುರೆಯ ಹೊಟ್ಟೆಯ ಮಟ್ಟದಲ್ಲಿರುವಂತೆ ತೆಗೆಯಬೇಕು. ಮೇಲಿನಿಂದ ತೆಗೆದರೆ ಕಾಲು ಗಿಡ್ಡವಾಗಿ ಕಾಣುತ್ತದೆ.

ನೆಲದ ಬಗ್ಗೆಯೂ ಒಂದು ಮಾತು. ನೀವು ಖಾನಾಪುರದ ಕೆಂಪು ಮಣ್ಣಿನವರು, ಅದು ನಿಮ್ಮ ಪುಣ್ಯ. ವಿಜಯಪುರ, ಬಾಗಲಕೋಟೆಯ ಎರೆ ಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಲಾಳವನ್ನೇ ಕಿತ್ತುಕೊಳ್ಳುತ್ತದೆ. ಮರಳು ಹಾಸದೆ ಅಲ್ಲಿ ಜಿಗಿಸುವುದು ಸಾಧ್ಯವಿಲ್ಲ. ಆದರೆ ನಿಮ್ಮಲ್ಲಿ ಮಳೆ ವಿಪರೀತ. ಜೂನ್ ಬರುವ ಮುಂಚೆಯೇ ವಿಡಿಯೋ ಮುಗಿಸಿಕೊಳ್ಳಿ.

ಗೋಳಗುಮ್ಮಟ, ವಿಜಯಪುರ

ಸಾಕ್ಷ್ಯ ಒದಗಿಸಿ ಆಸೆಯನ್ನು ಅವರಿಗೆ ಬಿಡಿ ಎಂಬ ಮಾತನ್ನು ಒಪ್ಪುತ್ತೇನೆ. ಇನ್ನು ಬೆಲೆ. ನಾಲ್ಕೂವರೆ ಲಕ್ಷ ಹೆಚ್ಚಾಯಿತು ಎಂದು ನನಗನಿಸುತ್ತದೆ. ರೇಸಿನಿಂದ ಹೊರಬಂದ ಥರೋಬ್ರೆಡ್ಡುಗಳು ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ, ಕೊಳ್ಳುವವನು ನಿಮ್ಮ ಕುದುರೆಯನ್ನು ಅವುಗಳ ಪಕ್ಕದಲ್ಲಿಟ್ಟೇ ನೋಡುತ್ತಾನೆ. ನಿಮ್ಮದು ಓಡದ ಕುದುರೆ, ಸವೆಯದ ಕಾಲು, ಶಾಂತವಾಗಿ ಶುರುವಾದ ತರಬೇತಿ ಎಂಬುದಕ್ಕೆ ಬೆಲೆಯಿದೆ. ಎಕ್ಸ್‌ರೇ ಸ್ವಚ್ಛವಾಗಿದ್ದರೆ ಮೂರರಿಂದ ಮೂರೂವರೆಯವರೆಗೆ ಕೇಳಿ. ಇಷ್ಟು ವರ್ಷ ಹಾಕಿದ ಮೇವಿನ ಲೆಕ್ಕವನ್ನು ಬೆಲೆಗೆ ಸೇರಿಸಬೇಡಿ, ಕೊಳ್ಳುವವನಿಗೆ ಅದರ ಸಂಬಂಧವಿಲ್ಲ. ನಿಮ್ಮ ಲೆಕ್ಕ ಮುಂದಿನದಾಗಿರಲಿ: ಇನ್ನೂ ಎಷ್ಟು ತಿಂಗಳು ಇಟ್ಟುಕೊಂಡರೆ ಎಷ್ಟು ಖರ್ಚು, ಆ ಅವಧಿಯಲ್ಲಿ ಸವಾರಿಯಿಲ್ಲದೆ ಕಲಿತದ್ದು ಎಷ್ಟು ಮರೆತೀತು?

ಹಳೆಯ ರಿಸಾಲೆ, ಬೆಳಗಾವಿ

ಬೆಲೆಯಲ್ಲಿ ನನ್ನದು ಬೇರೆ ಅಭಿಪ್ರಾಯ. ಒಳ್ಳೆಯ ಶಾಲೆಗೆ ನಾಲ್ಕೈದು ತಿಂಗಳು ಕಳುಹಿಸಿ, 80 ಸೆಂಟಿಮೀಟರಿನ ಒಂದೆರಡು ಚಿಕ್ಕ ಸ್ಪರ್ಧೆಗಳನ್ನು ಮಾಡಿಸಿ ಮಾರಿದರೆ ನಾಲ್ಕೂವರೆ ಹೆಚ್ಚೇನಲ್ಲ. ಹೊಸ ಜಾಗಕ್ಕೆ ಹೋಗಿ, ಅಪರಿಚಿತ ಕುದುರೆಗಳ ನಡುವೆ ಬಣ್ಣದ ಕೋಲುಗಳನ್ನು ದಾಟಿತು ಎಂಬುದೊಂದೇ ಸಂಗತಿ ಬಹಳ ಅನುಮಾನಗಳನ್ನು ಕಳೆಯುತ್ತದೆ. ಆದರೆ ಶಾಲೆಯ ಶುಲ್ಕ, ಗಾಯವಾಗುವ ಸಂಭವ ಎರಡೂ ನಿಮ್ಮ ತಲೆಯ ಮೇಲೆ. ಕೈಯಲ್ಲಿ ಹಣವಿದ್ದು ಕಾಯುವ ಶಕ್ತಿಯಿದ್ದರೆ ಮಾತ್ರ ಈ ದಾರಿ.

ಮಲಪ್ರಭಾ ತೀರ, ಖಾನಾಪುರ

ಕಾಯುವ ಶಕ್ತಿ ನಮಗಿಲ್ಲ. ಹೀಗಿರುವಂತೆಯೇ ಮಾರುವುದೆಂದು ನಿಶ್ಚಯಿಸಿದ್ದೇವೆ. ಹಿಂದಿನ ಒಕ್ಕಣೆಯನ್ನು ಬಿಟ್ಟು ಹೊಸದನ್ನು ಬರೆದಿದ್ದೇನೆ:

"ಥರೋಬ್ರೆಡ್ ಹೆಣ್ಣು ಕುದುರೆ, ನಾಲ್ಕು ವರ್ಷ, 160 ಸೆಂಟಿಮೀಟರ್, ರೇಸಿನಲ್ಲಿ ಓಡಿಲ್ಲ. ಪಾಸ್‌ಪೋರ್ಟ್ ಮತ್ತು ಮೈಕ್ರೋಚಿಪ್ ಇದೆ. ಸವಾರಿಯ ಆರಂಭದ ತರಬೇತಿ ಆಗಿದೆ: ಮೂರೂ ಗತಿಗಳು, ಬಲಗಡೆಯ ಕ್ಯಾಂಟರ್ ಇನ್ನೂ ದುರ್ಬಲ. ಸವಾರನೊಂದಿಗೆ 60 ಸೆಂಟಿಮೀಟರ್ ಅಡ್ಡಗೋಲು. ಸವಾರನಿಲ್ಲದ ಜಿಗಿತದ ಪೂರ್ಣ ವಿಡಿಯೋ ಲಭ್ಯ. ಕೈಯಲ್ಲಿ ಹಿಡಿದು ನಡೆಸುವಾಗ, ಲಾಳ ಕಟ್ಟುವಾಗ ಶಾಂತ. ತೆರೆದ ಬಯಲಿನಲ್ಲಿ ಬೇರೆ ಕುದುರೆಗಳೊಂದಿಗೆ ಚುರುಕಾಗುತ್ತದೆ. ಹೋದ ಮಳೆಗಾಲದಲ್ಲಿ ಎಡ ಹಿಂಗೊರಸಿನ ಕೀವಿಗೆ ಚಿಕಿತ್ಸೆಯಾಗಿದೆ, ದಾಖಲೆ ಇದೆ. ಎಳೆಯ ಕುದುರೆಯನ್ನು ತರಬೇತುಗೊಳಿಸಿದ ಅನುಭವವಿರುವವರಿಗೆ ಮಾತ್ರ. ಗಾಡಿಗೆ, ಶರ್ಯತ್ತಿಗೆ, ಮೆರವಣಿಗೆಗೆ ಕೊಡುವುದಿಲ್ಲ. ನಿಮ್ಮ ವೈದ್ಯರ ಪರೀಕ್ಷೆಗೆ ಸ್ವಾಗತ. ಮೂರೂವರೆ ಲಕ್ಷ ರೂಪಾಯಿ."

ಪುಣೆಯ ಕಡೆಯ ಒಬ್ಬರು ಈಗಾಗಲೇ ವಿಚಾರಿಸಿದ್ದಾರೆ, ಹದಿನೈದು ದಿನ ತಮ್ಮಲ್ಲಿಟ್ಟುಕೊಂಡು ನೋಡಿ ಆಮೇಲೆ ಹಣ ಕೊಡುತ್ತೇನೆ ಎನ್ನುತ್ತಾರೆ. ಕೊಡಬಹುದೇ?

ವಕೀಲರ ಓಣಿ, ಗೋಕಾಕ

ಬರವಣಿಗೆಯಿಲ್ಲದೆ ಖಂಡಿತ ಬೇಡ. ಸರಕು ಮಾರಾಟ ಅಧಿನಿಯಮದ 24ನೆಯ ಪ್ರಕರಣದ ಪ್ರಕಾರ, ಮೆಚ್ಚಿದರೆ ಕೊಳ್ಳುವೆನೆಂದು ಒಯ್ದ ಸರಕಿನ ಮಾಲೀಕತ್ವವು ಅವರು ಒಪ್ಪಿಗೆ ತಿಳಿಸಿದಾಗ, ಇಲ್ಲವೇ ಒಪ್ಪದೆಯೂ ಹಿಂದಿರುಗಿಸದೆಯೂ ಗೊತ್ತುಪಡಿಸಿದ ಅವಧಿ ಮೀರಿದಾಗ ಅವರಿಗೆ ಹೋಗುತ್ತದೆ. ಅಲ್ಲಿಯವರೆಗೆ ಕುದುರೆ ನಿಮ್ಮದೇ, 26ನೆಯ ಪ್ರಕರಣದಂತೆ ಬೇರೆ ಒಪ್ಪಂದವಿಲ್ಲದಿದ್ದರೆ ನಷ್ಟದ ಹೊಣೆಯೂ ನಿಮ್ಮದೇ. ಆದ್ದರಿಂದ ಬೇರೆ ಒಪ್ಪಂದ ಇರಲೇಬೇಕು: ಪೂರ್ಣ ಬೆಲೆಯನ್ನು ಠೇವಣಿಯಾಗಿ ಕೊಡತಕ್ಕದ್ದು, ಕುದುರೆ ನಿಮ್ಮ ಗೇಟು ದಾಟಿದ ಕ್ಷಣದಿಂದ ಸಾವು, ಗಾಯ, ರೋಗ ಎಲ್ಲದರ ಹೊಣೆ ಅವರದು, ಯಾರು ಸವಾರಿ ಮಾಡಬಹುದು ಮತ್ತು ಎಷ್ಟು ಎತ್ತರದವರೆಗೆ ಜಿಗಿಸಬಹುದು, ಗಡುವಿನ ದಿನಾಂಕ ಯಾವುದು. ಹದಿನೈದು ದಿನ ಹೆಚ್ಚು. ಒಂದು ವಾರ ಸಾಕು. ಅವರೇ ಎರಡು ಮೂರು ಸಲ ನಿಮ್ಮಲ್ಲಿಗೆ ಬಂದು, ಅದರಲ್ಲಿ ಒಮ್ಮೆ ಮುನ್ಸೂಚನೆ ಕೊಡದೆ ಬಂದು ಸವಾರಿ ಮಾಡಿ ನೋಡುವುದು ಎಲ್ಲಕ್ಕಿಂತ ಉತ್ತಮ.

ಪಶುವೈದ್ಯೆ, ಬಾಗಲಕೋಟೆ

ಕುದುರೆ ರಾಜ್ಯದ ಗಡಿ ದಾಟುವುದರಿಂದ ಇನ್ನೂ ಕೆಲವು ಸಂಗತಿಗಳಿವೆ. ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ಪಡೆಯಿರಿ. ಇದು ಮನುಷ್ಯರಿಗೂ ಹರಡಬಲ್ಲ ರೋಗ, ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ 2009ರ ಕಾಯಿದೆಯಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದದ್ದು, ಪಾಸಿಟಿವ್ ಬಂದ ಪ್ರಾಣಿಗೆ ಚಿಕಿತ್ಸೆ ಕೊಡುವಂತಿಲ್ಲ. ಮಾದರಿಯನ್ನು ಇಲಾಖೆಯ ಮೂಲಕವೇ ಕಳುಹಿಸಬೇಕು, ವರದಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಕೊಳ್ಳುವವರು ಒಪ್ಪಿದ ಮೇಲೆ ನೋಡೋಣ ಎಂದು ಕಾಯಬೇಡಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗಕ್ಕೂ ಅದೇ ರಕ್ತದಲ್ಲಿ ಪರೀಕ್ಷೆ ಕೇಳಿ. ಧನುರ್ವಾಯು ಮತ್ತು ಇನ್‌ಫ್ಲುಯೆಂಜಾ ಲಸಿಕೆಗಳು ಪಾಸ್‌ಪೋರ್ಟಿನಲ್ಲಿ ದಿನಾಂಕ, ಸಹಿಯೊಂದಿಗೆ ದಾಖಲಾಗಿವೆಯೇ ನೋಡಿಕೊಳ್ಳಿ. 1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಲಾರಿಯಲ್ಲಿ ಇರಬೇಕು.

ಖಾನಾಪುರದಿಂದ ಪುಣೆ ಸುಮಾರು 370 ಕಿಲೋಮೀಟರ್. ಲಾರಿಯ ನೆಲಕ್ಕೆ ಹುಲ್ಲು ಅಥವಾ ಮರಳಿನ ಹಾಸು, ಎದೆಯ ಮಟ್ಟದಲ್ಲಿ ಮೆತ್ತೆ ಸುತ್ತಿದ ಅಡ್ಡಗಳು, ನಾಲ್ಕೂ ಕಾಲಿಗೆ ಪಟ್ಟಿ ಇರಲಿ. ತಲೆಯನ್ನು ಕೆಳಗಿಳಿಸಲು ಆಗದಷ್ಟು ಬಿಗಿಯಾಗಿ ಕಟ್ಟಿದರೆ ಶ್ವಾಸನಾಳದ ಕಫ ಇಳಿಯದೆ ನ್ಯುಮೋನಿಯಾ ಆಗುತ್ತದೆ. ದೂರದ ಪ್ರಯಾಣದ ನಂತರ ಜ್ವರ ಬರುವುದಕ್ಕೆ ಇದೇ ಬಹುಮಟ್ಟಿನ ಕಾರಣ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ, ತಲೆ ತಗ್ಗಿಸಲು ಬಿಡಿ. ದಾರಿಯಲ್ಲಿ ಕಾಳು ಬೇಡ, ಒಣಹುಲ್ಲು ಮಾತ್ರ. ಒಂದು ವಾರಕ್ಕಾಗುವಷ್ಟು ನಿಮ್ಮದೇ ಮೇವನ್ನು ಜೊತೆಗೆ ಕಳುಹಿಸಿ, ಅಲ್ಲಿನ ಮೇವಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಲಿ.

ಗೋಳಗುಮ್ಮಟ, ವಿಜಯಪುರ

ಲಾರಿ ಬರುವ ದಿನವೇ ಮೊದಲ ಬಾರಿಗೆ ಹತ್ತಿಸಲು ಹೋಗಬೇಡಿ. ಈಗಿನಿಂದಲೇ ನೆರೆಯವರ ಟ್ರಾಲಿಯನ್ನೋ ಟೆಂಪೋವನ್ನೋ ಇಳಿಜಾರಿಗೆ ಹಿಮ್ಮುಖವಾಗಿ ನಿಲ್ಲಿಸಿ, ಅದರೊಳಗೇ ಬೆಳಗಿನ ಕಾಳನ್ನು ಇಟ್ಟು ಅಭ್ಯಾಸ ಮಾಡಿಸಿ. ಹತ್ತುವುದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ಪುಣೆಯವರಿಗೆ ಕಳುಹಿಸಿ, ಲಾರಿಗೆ ಹೆದರದೆ ಹತ್ತುವ ಎಳೆಯ ಕುದುರೆಗೆ ಸ್ಪರ್ಧೆಯವರು ಹೆಚ್ಚು ಬೆಲೆ ಕೊಡುತ್ತಾರೆ.

ಮಲಪ್ರಭಾ ತೀರ, ಖಾನಾಪುರ

ಟ್ರಾಲಿಗೆ ಹೇಳಿದ್ದೇನೆ, ರಕ್ತದ ಮಾದರಿ ತೆಗೆಯಲು ಸೋಮವಾರ ಆಸ್ಪತ್ರೆಯಿಂದ ಬರುತ್ತಾರೆ. ಪುಣೆಯವರಿಗೆ ಠೇವಣಿಯ ಷರತ್ತು ತಿಳಿಸಿದಾಗ ತಾವೇ ಬಂದು ಸವಾರಿ ಮಾಡಿ ನೋಡುವುದಾಗಿ ಹೇಳಿದರು. ಜಮಖಂಡಿಯವರು ತಮ್ಮ ಮಗಳ ತರಬೇತುದಾರರೊಂದಿಗೆ ಬರುವುದಾದರೆ ಅವರಿಗೂ ಸ್ವಾಗತ. ಯಾರು ಮೊದಲು ಬರುತ್ತಾರೋ ಅವರಿಗೆ ಮೊದಲು ತೋರಿಸುತ್ತೇನೆ, ಮುಂಗಡ ಪಡೆಯುವವರೆಗೆ ಯಾರಿಗೂ ಕಾಯ್ದಿರಿಸುವುದಿಲ್ಲ.